ಪಕ್ಕದವರ ತಟ್ಟೆ

ಕುಚ್ಚಲಕ್ಕಿಯನ್ನು ಎರಡನೆಯ ನೀರಿನಲ್ಲಿ ತೊಳೆಯುತ್ತಿದ್ದಾಗ ಫೋನು ಬಂತು. ಅಪ್ಪನಿಗೆ ಮಧ್ಯಾಹ್ನ ಗಂಜಿಯೇ ಆಗಬೇಕು, ಅದೂ ಊರಿನ ಕೆಂಪು ಅಕ್ಕಿಯದ್ದೇ ಆಗಬೇಕು. ಮುಂಬೈ ಹೊರವಲಯದ ಈ ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಕೆಳಗಿರುವ ಅಂಗಡಿಯವನು ಊರ ಕಡೆಯವನೇ ಆದ ಕಾರಣ ಅಕ್ಕಿಗೆ ಇವತ್ತಿನವರೆಗೆ ತೊಂದರೆಯಾಗಿಲ್ಲ. ನನ್ನ ಕೈ ಒದ್ದೆ ಇತ್ತೆಂದು ನಮ್ಮವರೇ ಫೋನು ಎತ್ತಿದರು. ಹೊರಗಿನ ಕೋಣೆಯಲ್ಲಿ "ಹಾಂ, ಹಾಂ" ಎಂದದ್ದು ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ. ಅವರು ಅಡುಗೆಮನೆಗೆ ಬಂದು ನನ್ನ ಹಿಂದಿನಿಂದ ಕೈ ಚಾಚಿ ನಲ್ಲಿ ನಿಲ್ಲಿಸಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಅಡುಗೆಮನೆಯ ನಲ್ಲಿ ಮುಟ್ಟಿದವರಲ್ಲ. ಅಲ್ಲಿಗೇ ನನಗೆ ಅರ್ಧ ತಿಳಿಯಿತು.

"ಕಲ್ಯಾಣದಿಂದ ನಿನ್ನ ಭಾವ. ವಾಸಂತಕ್ಕ ತೀರಿಕೊಂಡರಂತೆ. ಬೆಳಿಗ್ಗೆ ಚಾ ಕುಡಿದು ಕುರ್ಚಿಯಲ್ಲಿ ಕೂತವರು, ಕೂತಲ್ಲಿಯೇ."

ಅಕ್ಕ ನನಗಿಂತ ಮೂರೇ ವರ್ಷಕ್ಕೆ ದೊಡ್ಡವಳು. ಅಳು ಬರುವ ಮೊದಲು ನನಗೆ ಬಂದದ್ದು ಒಂದು ಸಣ್ಣ ಸಮಾಧಾನ: ದೇವರ ದೀಪ ಹಚ್ಚಿ ಆಗಿತ್ತು. ಸುದ್ದಿ ಒಂದು ತಾಸು ಮುಂಚೆ ಬಂದಿದ್ದರೆ ಸೂತಕದಲ್ಲಿ ದೀಪವೂ ಇಲ್ಲದ ದಿನವಾಗುತ್ತಿತ್ತು. ಅವಳು ನರಳಲಿಲ್ಲ, ಆಸ್ಪತ್ರೆಯ ಮಂಚ ಕಾಣಲಿಲ್ಲ, ಬಿಸಿ ಚಾ ಗಂಟಲಿಳಿದಿತ್ತು. ದೇವರು ಕೊಡುವಾಗ ದೊಡ್ಡದಾಗಿ ಕೊಡುವುದಿಲ್ಲ, ತೆಗೆದುಕೊಳ್ಳುವಾಗ ಮಾತ್ರ ಇಡಿಯಾಗಿ ತೆಗೆದುಕೊಳ್ಳುತ್ತಾನೆ. ಆದರೂ ಬದಿಯಲ್ಲಿ ಏನಾದರೊಂದು ಚೂರು ಬಿಟ್ಟುಹೋಗುತ್ತಾನೆ ಎಂದು ನನ್ನ ನಂಬಿಕೆ. ಅಕ್ಕಿಯನ್ನು ನೀರಿನಲ್ಲಿ ಹಾಗೆಯೇ ಬಿಟ್ಟು, ಕೈ ಒರೆಸಿಕೊಂಡು ಬಾಲ್ಕನಿಗೆ ಹೋದೆ. ಎಂಬತ್ತು ದಾಟಿದ ಅಪ್ಪ ಅಲ್ಲಿ ಪೇಪರು ಓದುತ್ತಾ ಕೂತಿದ್ದರು. ಅವರ ಮುಂದೆ ನೆಲದಲ್ಲಿ ಕೂತು ಹೇಳಿದೆ. ಅವರು ಪೇಪರನ್ನು ಮಡಚಿದರು, ಮಡಚಿದ್ದನ್ನು ಇನ್ನೊಮ್ಮೆ ಮಡಚಿದರು. ಆಮೇಲೆ ಕೇಳಿದ್ದು ಒಂದೇ ಮಾತು:

"ಏನಾದರೂ ತಿಂದಿದ್ದಳಾ?"

ಬೇರೆಯವರಿಗೆ ಇದು ಮುದುಕರ ಅರಳುಮರುಳಿನ ಮಾತು ಎನಿಸಬಹುದು. ನನಗೆ ಹಾಗನಿಸಲಿಲ್ಲ. ಅಪ್ಪ ಜೀವಮಾನವಿಡೀ ಮಕ್ಕಳ ಬಗ್ಗೆ ಮೊದಲು ಕೇಳಿದ್ದು ಇದನ್ನೇ. ಅದನ್ನು ತಿಳಿಯಬೇಕಾದರೆ ನಮ್ಮ ಹಳೆಯ ಮನೆಯನ್ನು ಹೇಳಬೇಕು.

ಆ ಮನೆ ಇದೇ ಡೊಂಬಿವಲಿಯಲ್ಲಿ ಸಾಲುಮನೆಗಳ ಒಂದು ಚಾಳಿನಲ್ಲಿತ್ತು. ಎರಡು ಕೋಣೆ. ಹೊರಗಿನದರಲ್ಲಿ ಅಪ್ಪನ ಕುರ್ಚಿ, ಕಬ್ಬಿಣದ ಟ್ರಂಕು, ಟ್ರಂಕಿನ ಮೇಲೆ ಲೆಕ್ಕದ ಪುಸ್ತಕಗಳು. ಒಳಗಿನದು ಅಡುಗೆಮನೆ, ಅಲ್ಲೇ ದೇವರ ಮಣೆ, ಅಲ್ಲೇ ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಮೋರಿ. ಸ್ನಾನ, ಬಟ್ಟೆ, ಪಾತ್ರೆ ಎಲ್ಲ ಅದರೊಳಗೆ. ಅರ್ಧ ಫರ್ಲಾಂಗಿನಾಚೆ ರೈಲಿನ ಹಳಿ. ಗಾಡಿ ಹೋದಾಗಲೆಲ್ಲ ಅಮ್ಮನ ಸ್ಟೀಲು ಲೋಟಗಳು ಹಲಗೆಯ ಮೇಲೆ ಒಂದಕ್ಕೊಂದು ತಾಗಿ ಮಾತಾಡುತ್ತಿದ್ದವು. ಅಮ್ಮನ ಹತ್ತಿರ ನಮ್ಮದು ತುಳು, ಅಪ್ಪನ ಹತ್ತಿರ ಕನ್ನಡ. ಹೊಸ್ತಿಲು ದಾಟಿದರೆ ಮರಾಠಿ, ಸ್ಟೇಷನ್ ಮುಟ್ಟಿದರೆ ಹಿಂದಿ. ಉಣ್ಣುವಾಗ ಎಲ್ಲರೂ ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಒಂದೇ ಸಾಲಿನಲ್ಲಿ ಕೂರಬೇಕು: ಮೊದಲು ಅಪ್ಪ, ಆಮೇಲೆ ಅಕ್ಕ, ಆಮೇಲೆ ನಾನು. ಅಮ್ಮ ಬಡಿಸಿ ಕೊನೆಗೆ ಉಣ್ಣುವವರು.

ಅಪ್ಪ ಹತ್ತಿರದ, ಐದರಿಂದ ಹತ್ತನೆಯವರೆಗಿನ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಅದರ ಮೇಲೆ ಶಾಲೆಯ ಶಿಸ್ತಿನ ಜವಾಬ್ದಾರಿಯೂ ಅವರದ್ದೇ. ಹೋಟೆಲಿನಲ್ಲಿ ದುಡಿಯುವವರ ಮಕ್ಕಳು, ಮಿಲ್ಲಿನವರ ಮಕ್ಕಳು, ವಿಜಾಪುರ ಕಡೆಯಿಂದ ಕೂಲಿಗೆ ಬಂದವರ ಮಕ್ಕಳು, ಎಲ್ಲರೂ ಅಲ್ಲಿ ಕಲಿಯುತ್ತಿದ್ದರು. ಜಗಳ, ಕಾಪಿ, ಗಾಜು ಒಡೆಯುವುದು, ಚಕ್ಕರ್ ಹೊಡೆದು ಪ್ಲಾಟ್‌ಫಾರ್ಮಿನಲ್ಲಿ ಕೂರುವುದು, ಇದಕ್ಕೆಲ್ಲ ಬೇರೆ ಶಾಲೆಗಳಲ್ಲಿ ಬೆತ್ತವಿತ್ತು. ನಮ್ಮ ಅಪ್ಪನಲ್ಲಿ ಇದ್ದದ್ದು ಊಟ. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವನ್ನು ಮಧ್ಯಾಹ್ನದ ದೊಡ್ಡ ರಜೆಯಲ್ಲಿ ಅವರು ಮನೆಗೆ ಕರೆದುಕೊಂಡು ಬರುತ್ತಿದ್ದರು. ನಮ್ಮ ಸಾಲಿನಲ್ಲಿಯೇ ಅದನ್ನೂ ಕೂರಿಸಿ ಉಣಿಸುವುದು. ಏನು ಮಾಡಿದ್ದಿ, ಯಾಕೆ ಮಾಡಿದ್ದಿ ಎಂದು ಮನೆಯಲ್ಲಿ ಯಾರೂ ಕೇಳಕೂಡದು. ಉಂಡ ಮೇಲೆ ಆ ಮಗು ತನ್ನ ತಟ್ಟೆಯನ್ನೂ, ಪಕ್ಕದಲ್ಲಿ ಕೂತವರ ತಟ್ಟೆಯನ್ನೂ ಮೋರಿಯಲ್ಲಿ ತೊಳೆದು ಕವಚಿ ಇಡಬೇಕು. ಶಿಕ್ಷೆ ಅಂದರೆ ಅಷ್ಟೇ. "ತನ್ನ ತಟ್ಟೆ ತೊಳೆದರೆ ತಪ್ಪು ಹೋಗುತ್ತದೆ, ಪಕ್ಕದವರದ್ದು ತೊಳೆದರೆ ಹಟ ಹೋಗುತ್ತದೆ" ಎಂದು ಅಪ್ಪ ಹೇಳುವುದಿತ್ತು. ಆಮೇಲೆ ಇಬ್ಬರೂ ಹಳಿಯ ಬೇಲಿಯ ಪಕ್ಕದ ದಾರಿಯಲ್ಲಿ ಶಾಲೆಗೆ ನಡೆದು ಹೋಗುವರು. ಅಪ್ಪ ಆಗಲೂ ಏನೂ ಕೇಳುತ್ತಿರಲಿಲ್ಲ. ಮಗುವಿನ ಹೆಜ್ಜೆಗೆ ಸರಿಯಾಗಿ ಹೆಜ್ಜೆ ಹಾಕುವರು, ಅಷ್ಟೇ. ಸಿಗ್ನಲ್ ಕಂಬ ಬರುವಷ್ಟರಲ್ಲಿ ಮಗು ತಾನಾಗಿ ಎಲ್ಲವನ್ನೂ ಹೇಳಿರುತ್ತಿತ್ತು. ಹಸಿದವನು ಹೆದರಿ ಸುಳ್ಳು ಹೇಳುತ್ತಾನೆ, ಉಂಡವನಿಗೆ ಸುಳ್ಳು ಹೇಳಲು ನಾಚಿಕೆಯಾಗುತ್ತದೆ ಎನ್ನುವುದು ಅವರ ಲೆಕ್ಕ.

ಅಮ್ಮ ಯಾವ ಮಗುವಿನ ಜಾತಿಯನ್ನೂ ಕೇಳಿದವರಲ್ಲ. ಕೇಳುತ್ತಿದ್ದದ್ದು ಒಂದೇ.

"ಮೀನು ತಿಂತೀಯಾ ಮಗಾ?"

"ಇಲ್ಲರೀ ಅಮ್ಮಾರ," ಎಂದು ವಿಜಾಪುರದ ಕಡೆಯ ಮಕ್ಕಳು ತಲೆ ತಗ್ಗಿಸುವರು. ಅವರಿಗೆ ಹಪ್ಪಳ, ಮಜ್ಜಿಗೆ. ತಿನ್ನುವವರಿಗೆ ಒಣಮೀನಿನ ಚಟ್ನಿ. ಆ ಚಟ್ನಿಯ ಹೆಸರು ಶಾಲೆಯಲ್ಲಿ ಹಬ್ಬಿ, ಹುಡುಗರು ಬೇಕೆಂದೇ ತಪ್ಪು ಮಾಡಲು ಹಿಡಿದರು. ಒಬ್ಬನಂತೂ ಒಂದೇ ವಾರದಲ್ಲಿ ಎರಡು ಸಲ ಬಂದ. ಎರಡನೆಯ ಸಲ ಅಮ್ಮ ಬಡಿಸುತ್ತಾ ಅಪ್ಪನಿಗೆ ಕೇಳಿಸುವ ಹಾಗೆ ಹೇಳಿದರು:

"ನಿಮ್ಮ ಶಾಲೆಯಲ್ಲಿ ಪುಂಡರು ಹೆಚ್ಚಾದದ್ದಕ್ಕೆ ನಾನು ಕಾರಣ. ನಾಳೆಯಿಂದ ಚಟ್ನಿಗೆ ಉಪ್ಪು ಹಾಕುವುದಿಲ್ಲ."

ಅಕ್ಕ ಬಹಳ ಚಾಲಾಕಿ. ತಪ್ಪು ಮಾಡಿದ ಮಗು ಬಂದ ದಿನ ಅದರ ಪಕ್ಕದಲ್ಲೇ ಕೂರುವಳು, ತನ್ನ ತಟ್ಟೆ ತೊಳೆಯುವ ಕೆಲಸ ತಪ್ಪಲಿ ಎಂದು. ನಾನು ಸಾಲಿನ ಕೊನೆಯವಳು. ನನ್ನ ತಟ್ಟೆಯನ್ನು ಯಾರೂ ತೊಳೆದದ್ದಿಲ್ಲ. ಅದೊಂದು ದುಃಖ ಎಂದು ಆಗ ನಾನು ಅಳುತ್ತಿದ್ದೆ. ಎಂಥ ಸಣ್ಣ ದುಃಖಗಳನ್ನು ಕೊಟ್ಟು ನಮ್ಮನ್ನು ಸಾಕಿದ್ದ ದೇವರು!

ಅಕ್ಕನ ಇನ್ನೊಂದು ವಿದ್ಯೆ ಅಂದರೆ ದನಿ. ಮುಸ್ಸಂಜೆಗೆ ಅಮ್ಮ ದೀಪ ಹಚ್ಚಿದ ಮೇಲೆ ನಾವು ಭಜನೆಗೆ ಕೂರಬೇಕು. ಅಕ್ಕ ಹಾಡಿದರೆ ಚಾಳಿನ ಮರಾಠಿ ಹೆಂಗಸರೂ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಆ ಕಾರಣಕ್ಕೇ ಶಾಲೆಯಲ್ಲಿ ಬೆಳಗ್ಗಿನ ಪ್ರಾರ್ಥನೆಯನ್ನು ಮೈಕಿನಲ್ಲಿ ಹೇಳಿಸುವುದು ಅವಳಿಂದ. ಭಜನೆ ಮುಗಿದು ಊಟಕ್ಕೆ ಕೂತಾಗ ಅದೇ ಬಾಯಲ್ಲಿ ಊರವರನ್ನೆಲ್ಲ ಅಣಕಿಸುವಳು. ಹಾಲಿನ ಭೈಯಾ, ಚಾಳಿನ ಮಾಲೀಕ, ಸ್ಟೇಷನ್ನಿನ ಅನೌನ್ಸರ್, ಯಾರನ್ನೂ ಬಿಡುತ್ತಿರಲಿಲ್ಲ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಶಾಲೆಯ ಹೆಡ್‌ಮಿಸ್ಟ್ರೆಸ್‌ರದ್ದು. ಅವರು ಧಾರವಾಡದವರು, ಒಳ್ಳೆಯವರು, ಮಾತು ಶುರುಮಾಡುವ ಮೊದಲು ಎರಡು ಸಲ ಕೆಮ್ಮುವರು. ಅಕ್ಕ ಸೆರಗು ಹೊದ್ದವಳ ಹಾಗೆ ಕೈ ಮಾಡಿ, ಕೆಮ್ಮಿ, "ಮಕ್ಕಳ್ರ್ಯಾ, ಗದ್ಲಾ ಮಾಡಬ್ಯಾಡ್ರಿ. ಲಕ್ಷ್ಯ ಇಟ್ಟು ಕೇಳ್ರಿ" ಎಂದರೆ ಅಪ್ಪ ಬಾಯಲ್ಲಿಟ್ಟ ತುತ್ತನ್ನು ನುಂಗಲಾರದೆ ನಗುತ್ತಿದ್ದರು. "ಸಾಕು ಮಾರಾಯ್ತಿ, ನಾಳೆ ಅವರ ಎದುರು ನನಗೆ ನಗು ಬಂದರೆ ಗತಿಯೇನು?" ಎನ್ನುವರು. ಅಪ್ಪ ಅಷ್ಟು ನಗುತ್ತಿದ್ದರು ಎಂದರೆ ಇವತ್ತು ನನ್ನ ಮೊಮ್ಮಗ ನಂಬುವುದಿಲ್ಲ.

ಅಕ್ಕ ಹತ್ತನೆಯ ತರಗತಿಯಲ್ಲಿದ್ದಾಗಿನ ಒಂದು ಮಳೆಗಾಲದ ದಿನ. ಬೆಳಗ್ಗಿನಿಂದ ಹಿಡಿದ ಮಳೆ. ಮುಂಬೈ ಕಡೆಯ ಮಕ್ಕಳಿಗೆಲ್ಲ ಮಳೆಯಲ್ಲಿ ಕಿವಿ ಇರುವುದು ಹಳಿಯ ಮೇಲೆ. ನೀರು ನಿಂತು ಗಾಡಿ ಬಂದ್ ಆದರೆ ಶಾಲೆ ಬಿಡುತ್ತಾರೆ. ಹೆಡ್‌ಮಿಸ್ಟ್ರೆಸ್ ಅವತ್ತು ಏನೋ ಕೆಲಸಕ್ಕೆ ಠಾಣೆಗೆ ಹೋಗಿದ್ದರು, ಆದರೆ ಅದು ಎಲ್ಲರಿಗೂ ಗೊತ್ತಿರಲಿಲ್ಲ. ಊಟದ ರಜೆ ಮುಗಿದು ಒಂದು ಪೀರಿಯಡ್ ನಡೆಯುತ್ತಿತ್ತು. ಆಗ ಮೈಕಿನಲ್ಲಿ ಎರಡು ಸಲ ಕೆಮ್ಮು ಕೇಳಿಸಿತು.

"ಮಕ್ಕಳ್ರ್ಯಾ, ಗದ್ಲಾ ಮಾಡಬ್ಯಾಡ್ರಿ. ಗಾಡಿ ಬಂದ್ ಆಗ್ಯಾವ. ಎಲ್ಲಾರೂ ಸಾಲಾಗಿ ಮನಿಗೆ ಹೋಗ್ರಿ."

ನಾನು ಏಳನೆಯ ತರಗತಿಯ ಬೆಂಚಿನಲ್ಲಿದ್ದೆ. ನನಗೂ ಗೊತ್ತಾಗಲಿಲ್ಲ. ಶಾಲೆಯಿಡೀ ಹೋ ಎಂದು ಎದ್ದಿತು. ಅಪ್ಪ ಒಂಬತ್ತನೆಯವರಿಗೆ ಪಾಠ ಮಾಡುತ್ತಿದ್ದವರು ಚಾಕ್‌ಪೀಸು ಇಟ್ಟು ಹೊರಗೆ ಬಂದರು. ಶಿಸ್ತಿನವರಲ್ಲವೇ, ಗೇಟಿನಲ್ಲಿ ತಾವೇ ನಿಂತು ಮಕ್ಕಳನ್ನು ಇಬ್ಬಿಬ್ಬರ ಸಾಲು ಮಾಡಿ, ಸಣ್ಣವರ ಕೈಯನ್ನು ದೊಡ್ಡವರ ಕೈಯಲ್ಲಿ ಕೊಟ್ಟು, ಮಳೆಗೆ ಬಿಟ್ಟರು. ಆದರೆ ಗಾಡಿ ಬಂದ್ ಆಗಿರಲಿಲ್ಲ. ದಿವಾದಿಂದ ಬರುವ ಐದನೆಯ ತರಗತಿಯ ಲೀಲಾ ಎಂಬ ಹುಡುಗಿ, ದಿನವೂ ಜೊತೆಗಿರುವ ಪಕ್ಕದ ಮನೆಯ ಹೆಂಗಸು ಸಂಜೆಗಷ್ಟೇ ಬರುವವಳಾದ್ದರಿಂದ, ಒಬ್ಬಳೇ ಸ್ಟೇಷನ್ನಿಗೆ ಹೋಗಿ ಫಾಸ್ಟ್ ಗಾಡಿ ಹತ್ತಿಬಿಟ್ಟಳು. ಆ ಗಾಡಿ ದಿವಾದಲ್ಲಿ ನಿಲ್ಲುವುದಿಲ್ಲ.

ಹೆಡ್‌ಮಿಸ್ಟ್ರೆಸ್ ತಿರುಗಿ ಬಂದಾಗ ಶಾಲೆ ಖಾಲಿ. ಯಾರು ಬಿಟ್ಟದ್ದು ಎಂದು ಅವರು ಕೇಳಿದಾಗ ಮಾಸ್ತರರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರಂತೆ. ಅಷ್ಟರಲ್ಲಿ, ಬೇರೆ ಮಕ್ಕಳು ದಿವಾ ಮುಟ್ಟಿದರೂ ಮಗಳು ಬಾರದ್ದನ್ನು ಕಂಡು ಲೀಲಾಳ ತಾಯಿ ಗೇಟಿನಲ್ಲಿ ಬಂದು ಎದೆ ಬಡಿದುಕೊಂಡಳು. ಅಪ್ಪ ಕೊಡೆ ಹಿಡಿದು ಹೊರಟವರು ದಿವಾ, ಮುಂಬ್ರಾ ಎಂದು ಒಂದೊಂದೇ ಪ್ಲಾಟ್‌ಫಾರ್ಮು ಹುಡುಕುತ್ತಾ ಹೋದರು. ಮನೆಯಲ್ಲಿ ಅಮ್ಮ ದೇವರ ಮುಂದೆ ಕೂತು ಹರಕೆ ಹೇಳಿಕೊಂಡರು. ಅಕ್ಕ ಮೋರಿಯ ಕಟ್ಟೆಯ ಮೇಲೆ ಕೂತು ನಡುಗುತ್ತಿದ್ದಳು. ನಾನು ಮಳೆಯಲ್ಲಿ ನೆನೆದದ್ದಕ್ಕೆ ಎಂದುಕೊಂಡು ಅವಳಿಗೆ ಟವೆಲು ಹೊದಿಸಿದೆ. ಠಾಣೆ ಸ್ಟೇಷನ್ನಿನಲ್ಲಿ ಮೀನು ಮಾರುವ ಒಬ್ಬಳು ಮರಾಠಿ ಬೆಸ್ತರ ಹೆಂಗಸು ಆ ಮಗುವನ್ನು ತನ್ನ ಬುಟ್ಟಿಯ ಪಕ್ಕದಲ್ಲಿ ಕೂರಿಸಿಕೊಂಡು ಕಾಯುತ್ತಿದ್ದಳಂತೆ. ಆ ಹೆಂಗಸಿನ ಹೆಸರು ನಮಗೆ ಗೊತ್ತಿಲ್ಲ. ಇವತ್ತಿಗೂ ನಾನು ಬೆಳಿಗ್ಗೆ ಕೈ ಮುಗಿಯುವಾಗ ಅವಳನ್ನು ಸೇರಿಸಿಯೇ ಮುಗಿಯುತ್ತೇನೆ.

ಲೀಲಾಳನ್ನು ಅವಳ ತಾಯಿಯ ಕೈಗೆ ಕೊಟ್ಟು ಅಪ್ಪ ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅವರ ಧೋತರದಿಂದ ನೀರು ಇಳಿಯುತ್ತಿತ್ತು. ಅಕ್ಕ ಎದ್ದು ಬಂದು ಎದುರು ನಿಂತಳು.

"ಅಪ್ಪ, ಮೈಕಿನಲ್ಲಿ ಮಾತಾಡಿದ್ದು ನಾನು."

ಅಪ್ಪ ಬೈಯಲಿಲ್ಲ, ಕೈ ಎತ್ತಲಿಲ್ಲ. ಒದ್ದೆ ಕೊಡೆಯನ್ನು ಗೋಡೆಗೆ ಒರಗಿಸಿದರು.

"ನನ್ನ ಮಗಳ ದನಿ. ನನಗೇ ಗುರುತು ಸಿಗಲಿಲ್ಲ," ಎಂದರು. ಯಾಕೆ ಮಾಡಿದ್ದಿ ಎಂದು ಮಾತ್ರ ಕೇಳಲಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಏನಾಯಿತೆಂದು ಹೆಡ್‌ಮಿಸ್ಟ್ರೆಸ್ ಅವರೇ ಆಮೇಲೆ ಮನೆಗೆ ಬಂದು ಅಮ್ಮನ ಹತ್ತಿರ ಹೇಳಿದ್ದು. ಶಾಲೆಯಿಂದ ತೆಗೆದುಹಾಕಬೇಕೆಂದು ಮೊದಲು ಹೇಳಿದವರು ಅಪ್ಪನೇ. ಬೇರೆಯವರ ಮಕ್ಕಳಾದರೆ ಇನ್ನೊಂದು ಅವಕಾಶ ಕೊಡಿ ಎಂದು ಕೈ ಮುಗಿಯುತ್ತಿದ್ದವರು, ಮಗಳಿಗೆ ಮಾತ್ರ ಇಲ್ಲ ಎಂದರು. ಹೆಡ್‌ಮಿಸ್ಟ್ರೆಸ್ ಒಪ್ಪಲಿಲ್ಲ.

"ಮಾಸ್ತರ, ನಿಮ್ಮ ಪದ್ಧತಿ ಐತಲ್ಲಾ. ಮನಿಗೆ ಕರಕೊಂಡು ಹೋಗಿ ಊಟಾ ಹಾಕ್ರಿ," ಎಂದರಂತೆ.

ಅದಕ್ಕೆ ಇನ್ನೊಬ್ಬ ಮಾಸ್ತರರು, "ಹಾಗಾದರೆ ಆ ಹುಡುಗಿಗೆ ಹುಟ್ಟಿದಾಗಿಂದ ದಿನವೂ ಶಿಕ್ಷೆಯೇ ಅಲ್ಲವೇ!" ಎಂದರು. ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ, ಹಗುರಾಗಲಿ ಎಂದು ನಕ್ಕದ್ದು. ಆದರೆ ಆ ನಗು ಅಪ್ಪನ ಎದೆಯಲ್ಲಿ ಕೂತುಬಿಟ್ಟಿತು. ಊರ ಮಕ್ಕಳನ್ನೆಲ್ಲ ತಿದ್ದಲು ಅವರಲ್ಲಿ ಒಂದು ಮನೆಯಿತ್ತು. ತಮ್ಮ ಮಗು ತಪ್ಪಿದರೆ ಕರೆದುಕೊಂಡು ಹೋಗಲು ಇನ್ನೊಂದು ಮನೆ ಇರಲಿಲ್ಲ.

ಅಕ್ಕ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ನಿಂತು ಕ್ಷಮೆ ಕೇಳಿದಳು. ಮೈಕು ಬೇರೆ ಹುಡುಗಿಗೆ ಹೋಯಿತು. ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಅವತ್ತು ಮಧ್ಯಾಹ್ನ ಊಟಕ್ಕೆ ಬಂದಾಗ ಅವಳು ಸಾಲಿನಲ್ಲಿ ತನ್ನ ಜಾಗದಲ್ಲಿ ಕೂತು, ತಲೆ ಎತ್ತದೆ ಉಂಡು, ತನ್ನ ತಟ್ಟೆ ಎತ್ತಿಕೊಂಡಳು. ಆಮೇಲೆ ಪಕ್ಕದವರ ತಟ್ಟೆಗೆ ಕೈ ಚಾಚಿದಳು. ಪಕ್ಕದವರೆಂದರೆ ಅಪ್ಪ. ಅಪ್ಪ ತಮ್ಮ ತಟ್ಟೆಯನ್ನು ತಾವೇ ಎತ್ತಿಕೊಂಡು ಮೋರಿಗೆ ಹೋಗಿ ತೊಳೆದರು. ಅಕ್ಕನ ಕೈ ಚಾಚಿದಲ್ಲಿಯೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳು ಈಚೆ ತಿರುಗಿ ನನ್ನ ತಟ್ಟೆ ತೆಗೆದುಕೊಂಡಳು. ಯಾರೂ ತೊಳೆಯದ ನನ್ನ ತಟ್ಟೆಯನ್ನು ಮೊದಲ ಸಲ ತೊಳೆದವಳು ಅವಳು. ಎರಡನ್ನೂ ಕವಚಿಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಹೋಗಿ ನಿಂತಳು, ಅಪ್ಪನ ಜೊತೆ ನಡೆಯಲಿಕ್ಕೆ. ಅಪ್ಪ ಅವಳ ಬದಿಯಿಂದ ದಾಟಿ ಮುಂದೆ ಹೋದರು.

ಮರುದಿನವೂ ನಿಂತಳು. ಅದರ ಮರುದಿನವೂ. ಎಷ್ಟೋ ದಿನ ಹೀಗೆ ನಿಂತಳು. ಹಳಿಯ ಬದಿಯ ದಾರಿಯಲ್ಲಿ ಅಪ್ಪ ಮುಂದೆ, ಬಹಳ ಹಿಂದೆ ನಾವಿಬ್ಬರು. ಎಲ್ಲರ ಮಕ್ಕಳಿಗೂ ಆ ದಾರಿಯಿತ್ತು, ನಮ್ಮ ಅಕ್ಕನಿಗೆ ಇರಲಿಲ್ಲ. ಅಮ್ಮ ಸುಮ್ಮನಿದ್ದವರಲ್ಲ.

"ಊರ ಮಕ್ಕಳ ಮಾತಿಗೆಲ್ಲ ಕಿವಿ ಉಂಟು ನಿಮಗೆ. ಇವಳಿಗೆ ಮಾತ್ರ ಇಲ್ವಾ?"

"ಅವಳಿಗೆ ಬಾಯಿ ಇಲ್ವಾ? ಒಂದಲ್ಲ, ಹತ್ತು ಜನರ ಬಾಯಿ ಉಂಟು. ಹೇಳಲಿ."

"ಬೆನ್ನು ನೋಡಿ ಯಾರಾದರೂ ಮಾತಾಡ್ತಾರಾ? ಒಮ್ಮೆ ತಿರುಗಿ ನಿಂತುಕೊಳ್ಳಿ ಮಾರಾಯ್ರೇ."

ಅಪ್ಪ ತಿರುಗಲಿಲ್ಲ. ಸಿಟ್ಟಿಗಲ್ಲ, ಅದು ಈಗ ನನಗೆ ತಿಳಿಯುತ್ತದೆ. ತಮ್ಮ ಕೈಯಿಂದಲೇ ಮಕ್ಕಳನ್ನು ಮಳೆಗೆ ಬಿಟ್ಟವರು ಅವರು. ಮಗಳ ಮುಖ ನೋಡಿದರೆ ಆ ಗೇಟು ಕಾಣುತ್ತಿತ್ತೋ ಏನೋ. ಆಮೇಲೆ ಯಾವ ಮಗುವನ್ನೂ ಅವರು ಊಟಕ್ಕೆ ಕರೆತರಲಿಲ್ಲ. ಶಾಲೆಯವರು ಒಂದು ಬೆತ್ತ ಕೊಟ್ಟರು. ಅದನ್ನು ಅವರು ಹಿಡಿದುಕೊಂಡು ತಿರುಗುವರು, ಹೊಡೆದದ್ದಿಲ್ಲ. ಆದರೆ ಮಕ್ಕಳು ದೂರದಿಂದ ನೋಡಿಯೇ ದಾರಿ ಬದಲಿಸುತ್ತಿದ್ದರು. ಅಮ್ಮ ಒಂದಿಷ್ಟು ದಿನ ಅಭ್ಯಾಸಬಲದಿಂದ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. ಊಟದ ಹೊತ್ತಿನಲ್ಲಿ ಕೇಳುತ್ತಿದ್ದದ್ದು ಲೋಟಗಳ ಸದ್ದು ಮಾತ್ರ, ಗಾಡಿ ಹೋದಾಗ.

ಅಕ್ಕ ಅಣಕಿಸುವುದನ್ನು ನಿಲ್ಲಿಸಿದಳು. ಹತ್ತನೆಯದು ಒಳ್ಳೆಯ ಮಾರ್ಕಿನಲ್ಲಿ ಪಾಸಾದಳು, ಮುಂದೆ ಓದುವುದಿಲ್ಲ ಎಂದಳು. ಕೆಲವು ವರ್ಷ ರಬಾಳೆಯ ಒಂದು ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಬಸ್ಸಿನಲ್ಲಿ ಹೋದಳು. ಮದುವೆಯಾಗಿ ಕಲ್ಯಾಣಕ್ಕೆ ಹೋದಳು. ಹಬ್ಬಕ್ಕೆ ಬರುವಳು, ಅಪ್ಪನ ಕಾಲಿಗೆ ನಮಸ್ಕರಿಸುವಳು. "ಹುಷಾರಾಗಿದ್ದೀಯಾ?" "ಇದ್ದೇನೆ ಅಪ್ಪ." ಅಲ್ಲಿಗೆ ಮುಗಿಯಿತು. ಹೊರಗಿನವರು ನೋಡಿದರೆ ಎಷ್ಟು ಮರ್ಯಾದೆಯ ಮನೆ ಎನ್ನಬೇಕು. ಅಮ್ಮ ಹೋದಾಗಲೂ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಅತ್ತರು.

ನಾನು ಆ ಅಡುಗೆಮನೆಯಿಂದ ಎರಡು ಪಾಠ ಕಲಿತೆ. ಮೊದಲು ಉಣಿಸು, ಆಮೇಲೆ ಕೇಳು, ಇದು ಅಪ್ಪನಿಂದ. ಉಣಿಸಿದರೆ ಸಾಲದು, ಕೇಳಲೇಬೇಕು. ಇದೂ ಅಪ್ಪನಿಂದಲೇ, ಅಕ್ಕನ ಕಡೆಯಿಂದ ನೋಡಿದಾಗ. ನನಗೆ ದೊಡ್ಡ ಓದಿಲ್ಲ, ಇಷ್ಟರಲ್ಲಿಯೇ ಮಕ್ಕಳನ್ನು ಬೆಳೆಸಿದೆ. ಈಗ ಮೊಮ್ಮಗನ ಶಾಲೆಯಿಂದ ಸೊಸೆಯ ಮೊಬೈಲಿಗೆ ಕೆಂಪು ಗುರುತು ಬರುತ್ತದೆ: ಇಂಥ ದಿನ ಕ್ಲಾಸಿನಲ್ಲಿ ಗಲಾಟೆ. ಅವನು ಬಂದ ಕೂಡಲೇ ಅವಳು ಮೊಬೈಲು ಹಿಡಿದು ನಿಲ್ಲುತ್ತಾಳೆ. ನಾನು ನಡುವೆ ದೋಸೆಯ ತಟ್ಟೆ ಹಿಡಿದು ನಿಲ್ಲುತ್ತೇನೆ. "ಆಜಿ, ತೂ ಬೆಸ್ಟ್ ಆಹೇಸ್" ಎಂದು ಮರಾಠಿಯಲ್ಲಿ ಅಜ್ಜಿಯನ್ನು ಹೊಗಳುತ್ತಾನೆ ಕಳ್ಳ. ದೋಸೆ ಮುಗಿದ ಮೇಲೆ, "ಈಗ ಹೇಳು, ಯಾಕೆ ಮಾಡಿದ್ದು?" ಎಂದು ನಾನು ಬಿಡದೆ ಕೇಳುತ್ತೇನೆ.

ಅಕ್ಕ ಯಾಕೆ ಮಾಡಿದ್ದು ಎಂದು ನನಗೆ ಗೊತ್ತಾದದ್ದು ಅವಳೂ ಅಜ್ಜಿಯಾದ ಮೇಲೆ. ಕಲ್ಯಾಣದಲ್ಲಿ ಅವಳ ಅಡುಗೆಮನೆಯಲ್ಲಿ ಹಪ್ಪಳ ಕಾಯಿಸುತ್ತಿದ್ದೆವು. ಅವಳ ಮೊಮ್ಮಗಳು ಏನೋ ಹಟ ಹಿಡಿದಾಗ ಅಕ್ಕ ಫಕ್ಕನೆ ಎರಡು ಸಲ ಕೆಮ್ಮಿ, "ಮಕ್ಕಳ್ರ್ಯಾ, ಗದ್ಲಾ ಮಾಡಬ್ಯಾಡ್ರಿ" ಎಂದಳು. ಅದೇ ದನಿ. ನನ್ನ ಕೈಯ ಹಪ್ಪಳ ಎಣ್ಣೆಯಲ್ಲಿ ಕರಿಯಾಯಿತು. ಆಗ ಕೇಳಿದೆ, ಯಾಕೆ ಅಕ್ಕ, ಅವತ್ತು? ಅವಳು ಗ್ಯಾಸು ಸಣ್ಣ ಮಾಡಿ ಹೇಳಿದಳು.

"ನನ್ನ ಬೆಂಚಿನ ಒಬ್ಬಳು ಹುಡುಗಿಗೆ ಅವತ್ತು ಶಾಲೆಯಲ್ಲೇ ಮುಟ್ಟಾಯ್ತು ಸುಮಾ, ಮೊದಲ ಸಲ. ಬಿಳಿ ಸ್ಕರ್ಟು. ಎದ್ದು ನಿಲ್ಲುವ ಹಾಗಿಲ್ಲ. ಹೆಂಗಸು ಟೀಚರಂತ ಇದ್ದದ್ದು ಹೆಡ್‌ಮಿಸ್ಟ್ರೆಸ್ ಒಬ್ಬರೇ, ಅವರು ಊರಲ್ಲಿರಲಿಲ್ಲ. ಮುಂದಿನ ಪೀರಿಯಡ್ ಅಪ್ಪನದ್ದು. ಅಪ್ಪ ಒಂದೊಂದೇ ಸಾಲನ್ನು ಎಬ್ಬಿಸಿ ಬೋರ್ಡಿಗೆ ಕರೀತಾರಲ್ಲ, ಅವತ್ತು ನಮ್ಮ ಎಡದ ಸಾಲು. ಆ ಹುಡುಗಿ ನನ್ನ ಕೈ ಹಿಡ್ಕೊಂಡು, ರೈಲಿಗೆ ಬೀಳ್ತೇನೆ ಅಂತ ಅಳ್ತಾ ಇದ್ದಳು. ಎಲ್ಲರೂ ಹೋ ಅಂತ ಓಡುವಾಗ ಕೊಡೆಯ ಮರೆಯಲ್ಲಿ ಅವಳನ್ನು ಮನೆ ಮುಟ್ಟಿಸಿದೆ. ಲೀಲಾ ಒಬ್ಬಳೇ ಹೋದಾಳು ಅಂತ ನನಗೆ ಹೊಳೀಲಿಲ್ಲ ಮಾರಾಯ್ತಿ."

"ಅಪ್ಪನಿಗೆ ಹೇಳಬಹುದಿತ್ತಲ್ಲ?"

"ಗಂಡಸರ ಹತ್ತಿರ, ಆ ಕಾಲದಲ್ಲಿ? ಅದೂ ಇನ್ನೊಬ್ಬಳ ಮಾನದ ವಿಷಯ. ಆದರೂ ದಾರಿ ನಡೆಯುವಾಗ ಹೇಗಾದರೂ ಹೇಳಿಬಿಡುವ ಅಂತ ಇದ್ದೆ. ದಾರಿಯೇ ಸಿಗಲಿಲ್ಲ." ಹಪ್ಪಳ ಮಗುಚಿ ಹಾಕುತ್ತಾ ಮತ್ತೆ ಹೇಳಿದಳು, "ನೀನು ಹೇಳ್ಬೇಡ. ಈಗ ಹೇಳಿದರೆ ಅಪ್ಪ ಊಟ ಬಿಡ್ತಾರೆ."

ಆ ಮಾತನ್ನು ನಾನು ಕಾಪಾಡಿಕೊಂಡು ಬಂದೆ, ಅವಳು ಹೋದ ಈ ದಿನದವರೆಗೆ.

ಸುದ್ದಿ ಬಂದ ಮೇಲೆ ಮೂವರೂ ರಿಕ್ಷಾದಲ್ಲಿ ಕಲ್ಯಾಣಕ್ಕೆ ಹೋದೆವು. ಅವತ್ತು ಲಿಫ್ಟು ಕೆಟ್ಟಿರಲಿಲ್ಲ, ಅದೊಂದು ದಯೆ; ಅಪ್ಪನಿಗೆ ಮೆಟ್ಟಿಲು ಆಗುವುದಿಲ್ಲ. ಅಕ್ಕನನ್ನು ಹೊರಗಿನ ಕೋಣೆಯಲ್ಲಿ ಮಲಗಿಸಿದ್ದರು. ಅಪ್ಪ ಅವಳ ತಲೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ಆ ಮಳೆಗಾಲದ ನಂತರ ಮೊದಲ ಸಲ ಅವರು ಅವಳ ಮುಖವನ್ನು ಅಷ್ಟು ಹೊತ್ತು ನೋಡಿದ್ದು. ತೆಗೆದುಕೊಂಡು ಹೋಗುವಾಗ ಎದ್ದು ನಿಂತರು. ನಮ್ಮವರೂ, ಆಮೇಲೆ ಬಂದ ಮಗ-ಸೊಸೆಯೂ ಮುಂದಿನ ಕೆಲಸಕ್ಕೆ ಅಲ್ಲೇ ಉಳಿದರು. ನಾನೂ ಅಪ್ಪನೂ ಹೊತ್ತು ಇಳಿಯುವ ಮೊದಲೇ ಮನೆಗೆ ಬಂದು ಸ್ನಾನ ಮಾಡಿದೆವು. ಅಡುಗೆಮನೆಯಲ್ಲಿ ಬೆಳಿಗ್ಗೆ ಬಿಟ್ಟ ಅಕ್ಕಿ ನೀರಿನಲ್ಲಿ ಉಬ್ಬಿ ಕೂತಿತ್ತು. ನೆನೆದ ಅಕ್ಕಿ ಬೇಗ ಬೆಂದಿತು. ಎರಡು ತಟ್ಟೆಗೆ ಗಂಜಿ ಬಡಿಸಿ, ಉಪ್ಪಿನಕಾಯಿ ಇಟ್ಟು, ಅಪ್ಪನ ಪಕ್ಕದಲ್ಲಿ ಮೇಜಿಗೆ ಕೂತೆ.

ಅಪ್ಪ ಚಮಚ ಮುಟ್ಟಲಿಲ್ಲ.

"ಸುಮಾ, ಅವಳು ಅವತ್ತು ಹಾಗೆ ಯಾಕೆ ಮಾಡಿದ್ದು? ನಿನಗೆ ಗೊತ್ತುಂಟಾ?"

ಯಾವತ್ತು ಎಂದು ನಾನು ಕೇಳಬೇಕಾಗಿರಲಿಲ್ಲ. ಇಷ್ಟು ವರ್ಷ ಕಳೆದು ಪ್ರಶ್ನೆ ಬಂದಿತ್ತು, ಉತ್ತರ ಕೊಡುವವಳು ಅರ್ಧ ದಿನ ಮೊದಲು ಹೊರಟುಹೋಗಿದ್ದಳು. ನಾನು ದೇವರ ಮಣೆಯ ಕಡೆ ನೋಡಿದೆ. ಬೆಳಗ್ಗಿನ ದೀಪದಲ್ಲಿ ಎಣ್ಣೆ ಮುಗಿದು ಬತ್ತಿ ಕಪ್ಪಾಗಿತ್ತು.

"ಮೊದಲು ಉಣ್ಣಿ ಅಪ್ಪ. ಆಮೇಲೆ ಹೇಳ್ತೇನೆ."

ಅವರು ನನ್ನನ್ನು ನೋಡಿದರು. ತಮ್ಮದೇ ನಿಯಮ ಎಂದು ಗುರುತು ಸಿಕ್ಕಿರಬೇಕು. ತಲೆ ತಗ್ಗಿಸಿ, ಹಿಂದೆ ನಮ್ಮ ಸಾಲಿನಲ್ಲಿ ಕೂತು ಉಣ್ಣುತ್ತಿದ್ದ ಮಕ್ಕಳ ಹಾಗೆಯೇ, ಕೊನೆಯ ಅಗುಳಿನ ತನಕ ಉಂಡರು. ಅವರು ಚಮಚ ಕೆಳಗಿಟ್ಟ ಮೇಲೆ ಹೇಳಿದೆ. ಅಕ್ಕ ಹೇಳಿದ ಹಾಗೆಯೇ, ಒಂದು ಮಾತೂ ಹೆಚ್ಚು ಕಡಿಮೆ ಮಾಡದೆ. ಮುಟ್ಟು ಎಂಬ ಮಾತನ್ನು ಅಪ್ಪನ ಎದುರು ನಾನೂ ಜೀವಮಾನದಲ್ಲಿ ಮೊದಲ ಸಲ ಆಡಿದ್ದು.

"ಎಡದ ಸಾಲಾ?"

"ಹೌದಂತೆ."

"ಹೌದು. ಅವತ್ತು ಎಡದ ಸಾಲನ್ನು ಕರೆಯುವವನಿದ್ದೆ." ಅವರು ಮೇಜಿನ ಅಂಚನ್ನು ಬೆರಳಿನಿಂದ ಒರೆಸಿದರು. "ನನ್ನ ಹತ್ತಿರ ಹೇಳಲಿಕ್ಕೆ ಆಗದ್ದು ಒಂದು ಇರಬಹುದು ಅಂತ... ಬಾಗಿಲಲ್ಲಿ ಚಪ್ಪಲಿ ಹಾಕಿ ನಿಲ್ತಿದ್ದಳು ಮಗಾ. ನಾನು ನೋಡ್ತಿದ್ದೆ."

ಸಮಾಧಾನದ ಮಾತು ಬಾಯಿತನಕ ಬಂದಿತ್ತು. ಅದು ಅಕ್ಕನಿಗೆ ಸಲ್ಲಬೇಕಾದದ್ದು ಎಂದು ನುಂಗಿದೆ. ಅಪ್ಪ ಮೇಜು ಹಿಡಿದು ಎದ್ದರು. ತಮ್ಮ ತಟ್ಟೆಯನ್ನು ಎತ್ತಿಕೊಂಡರು, ಅದರ ಮೇಲೆ ನನ್ನ ತಟ್ಟೆಯನ್ನು ಇಟ್ಟುಕೊಂಡರು.

"ಇಡಿ ಅಪ್ಪ, ನಾನು ತೊಳೀತೇನೆ. ನೀವು ಬೀಳ್ತೀರಿ."

"ಇಲ್ಲ ಮಗಾ. ಕ್ರಮ ಉಂಟಲ್ಲ."

ಗೋಡೆ ಹಿಡಿದು ಹಿಡಿದು ಸಿಂಕಿನ ತನಕ ನಡೆದರು. ಮೊದಲು ತಮ್ಮ ತಟ್ಟೆಯನ್ನು ತೊಳೆದರು, ಆಮೇಲೆ ಪಕ್ಕದವರದ್ದನ್ನು. ಎರಡನೆಯದನ್ನು ಬಹಳ ಹೊತ್ತು ತೊಳೆದರು, ಅದರಲ್ಲಿ ಏನೂ ಉಳಿದಿರದಿದ್ದರೂ. ಅವರ ಬೆನ್ನು ನನ್ನ ಕಡೆಗಿತ್ತು. ಅವರಾಗಿ ತಿರುಗಲಿ ಎಂದು ನಾನು ಹಿಂದೆ ನಿಂತಿದ್ದೆ. ಎರಡು ತಟ್ಟೆಗಳನ್ನೂ ಕವಚಿಟ್ಟು ಅವರು ತಿರುಗಿದರು. ನಾನು ಸೆರಗಿನಿಂದ ಅವರ ಕೈ ಒರೆಸಿದೆ, ಕುರ್ಚಿಗೆ ಕರೆತಂದು ಕೂರಿಸಿದೆ. ಆಮೇಲೆ ಡಬ್ಬಿ ತೆಗೆದು, ನಾಳೆಯ ಗಂಜಿಗೆ ಅಕ್ಕಿ ತೊಳೆಯಲು ನಲ್ಲಿ ಬಿಟ್ಟೆ.